ಜೊಳ್ಳು

ಮೊದಲ ಬೀಜ ಉಗುರಿನ ಕೆಳಗೆ ಕಾಗದದಂತೆ ಮಡಿಚಿಕೊಂಡಿತು. ಎರಡನೆಯದೂ ಹಾಗೆಯೇ. ಒಳಗೆ ಕಾಳಿದ್ದರೆ ಉಗುರಿಗೆ ಎದುರು ನಿಲ್ಲಬೇಕು, ಇವು ನಿಲ್ಲಲಿಲ್ಲ.

"ಇನ್ನೊಂದು ನೋಡೋ," ಎಂದಳು ಅಕ್ಕ, ಮೇಜಿನ ಆಚೆ ಬದಿಯಿಂದ.

ಆತ ನೋಡಿದ. ಕಟ್ಟುಹಲ್ಲು ತಯಾರಿಸುವುದು ಆತನ ಕಸುಬು. ಆ ಕಾರಣಕ್ಕೇ ಬೀದಿಯವರು ಆತನನ್ನು 'ಮೂವತ್ತೆರಡು' ಎಂದು ಕರೆಯುತ್ತಿದ್ದರು. ವಸಡಿನ ಬಣ್ಣ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆತನ ಕಣ್ಣಿಗೆ ಕುಟುಕುತ್ತಿತ್ತು. ಇಂದು ಮಾತ್ರ ಅರ್ಧ ಮುಗಿದ ದವಡೆಗಳನ್ನೆಲ್ಲ ಮೂಲೆಗೆ ಸರಿಸಿ, ದೀಪದಡಿಯಲ್ಲಿ ಒಣಗಿದ ಜಿನಿಯಾ ಹೂವುಗಳನ್ನು ಹರವಿಕೊಂಡು ಕುಳಿತಿದ್ದ.

ಅವು ಅಂಗಡಿಯ ಜಿನಿಯಾ ಅಲ್ಲ. ಆತನ ಹೆಂಡತಿ ವರ್ಷಗಟ್ಟಲೆ ಆರಿಸಿ, ಬೇಡದ್ದನ್ನು ಕಿತ್ತೆಸೆದು, ಒಂದೇ ಬಣ್ಣಕ್ಕೆ ತಂದು ನಿಲ್ಲಿಸಿದ್ದ ಹೂವು: ಪೂರ್ತಿ ಮಾಗದ ದಾಳಿಂಬೆಯ ಕಾಳಿನಂತೆ, ಬಿಳಿಯೆನ್ನಲೂ ಆಗದ, ಕೆಂಪೆನ್ನಲೂ ಆಗದ ಬಣ್ಣ. ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಡಬ್ಬಿಯ ತಳದಲ್ಲಿ ಅವಳು ಬಿಟ್ಟುಹೋಗಿದ್ದ ಬೀಜವನ್ನೆಲ್ಲ ಆತ ಈ ವರ್ಷ ಒಂದೇ ಸಲಕ್ಕೆ ಬಿತ್ತಿಬಿಟ್ಟ. ಒಂದು ಚಿಟಿಕೆ ತೆಗೆದಿಡಬೇಕೆಂಬ ಬುದ್ಧಿ ಹೊಳೆಯಲಿಲ್ಲ. ಮೊಳಕೆಯೊಡೆದ ಸಂಭ್ರಮಕ್ಕೆ ಹೊತ್ತುಹೊತ್ತಿಗೂ ನೀರು ಸುರಿದ. ಬುಡಗಳು ಕೊಳೆತು ನೂಲಿನಷ್ಟು ಸಣ್ಣಗಾದವು. ಪ್ರತಿ ಬೆಳಿಗ್ಗೆ ಬಾಗಿಲು ತೆರೆದರೆ ಮತ್ತೊಂದು ಸಾಲು ಮಣ್ಣಿಗೆ ಒರಗಿರುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ಗಿಡ.

ಆ ಒಂದನ್ನು ಆತ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಗೋಡೆಯಾಚೆ ನರ್ಸಮ್ಮನ ಅಂಗಳದ ತುಂಬ ಕಡುಗೆಂಪು ಜಿನಿಯಾ. ಜೇನ್ನೊಣವೊಂದು ಅಲ್ಲಿಂದ ಇಲ್ಲಿಗೆ ಹಾರಿ ಬಂದರೆ ಮುಂದಿನ ತಲೆಮಾರಿನ ಬಣ್ಣ ಕೆಟ್ಟಂತೆಯೇ. ಹೆಂಡತಿ ಮೊಗ್ಗುಗಳಿಗೆ ತೆಳುಬಟ್ಟೆಯ ಚೀಲ ಕಟ್ಟುತ್ತಿದ್ದುದನ್ನು ಕಂಡಿದ್ದ. ಆತನೂ ಕಟ್ಟಿದ.

"ಹೂವಿಗೆ ಮುಸುಕು ಹಾಕಿ ಕೂರಿಸಿದೀಯಲ್ಲೋ, ಯಾರ ದೃಷ್ಟಿ ತಾಗುತ್ತೆ ಅಂತ?" ಎಂದು ಅಕ್ಕ ಆಗ ನಕ್ಕಿದ್ದಳು. ಈಗ ನಗುತ್ತಿರಲಿಲ್ಲ.

ಉಳಿದಿದ್ದ ಒಂದೇ ಒಂದು ಒಣಹೂವನ್ನು ಆತ ಕೈಗೆತ್ತಿಕೊಂಡ. ಎಲ್ಲಕ್ಕಿಂತ ದಪ್ಪನೆಯದು, ಬೇಕೆಂದೇ ಕೊನೆಗಿಟ್ಟುಕೊಂಡಿದ್ದ. ಎಸಳುಗಳನ್ನು ಒಂದೊಂದಾಗಿ ಬಿಡಿಸಿ, ಬುಡಕ್ಕಂಟಿದ ಬೀಜಗಳನ್ನು ಬಿಳಿ ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಉಗುರೂರಿದ. ಮಡಿಚಿತು. ಪಕ್ಕದ್ದು ಮಡಿಚಿತು. ಸಾಲಿನ ತುದಿ ಸಮೀಪಿಸಿದಂತೆ ಕೈ ನಿಧಾನವಾಯಿತು. ತುದಿಯದನ್ನು ಒತ್ತಲು ಧೈರ್ಯ ಬಾರದೆ ಅಕ್ಕನ ಕಡೆಗೆ ತಳ್ಳಿದ.

ಅವಳು ಒತ್ತಿದಳು. ಅದೂ ಮಡಿಚಿತು. "ಪೇಟೆಯಲ್ಲಿ ಪ್ಯಾಕೆಟ್ ಸಿಗುತ್ತಪ್ಪ. ನಾನೇ ತಂದುಕೊಡ್ತೀನಿ," ಎಂದಳು.

"ಅವಳೂ ಸಿಗ್ತಾಳಾ ಪ್ಯಾಕೆಟ್ಟಲ್ಲಿ?"

ಅಕ್ಕ ಎದ್ದವಳೇ ಹಿತ್ತಲ ಬಾಗಿಲಿಗೆ ನಡೆದು, ಗೋಡೆಯಾಚೆಗೆ ಕೂಗಿದಳು. "ನರ್ಸಮ್ಮಾ, ಸ್ವಲ್ಪ ಬನ್ನಿ. ನಿಮಗೂ ಇವನ ಹೆಂಡತಿಗೂ ದಿನಾ ಈ ಗೋಡೆ ಹತ್ರಾನೇ ಅಲ್ವಾ ಮಾತು. ಬೀಜ ಯಾಕೆ ಜೊಳ್ಳಾಗುತ್ತೆ ಅಂತ ಏನಾದ್ರೂ ಹೇಳಿದ್ಲಾ?"

ನರ್ಸಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಒರಗಿದರು. ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ವಿಚಾರಣೆಯ ದನಿ ಬಿಟ್ಟಿರಲಿಲ್ಲ. "ಚೀಲ ಕಟ್ಟಿದ್ದು ನೋಡ್ದೆ. ಸರಿ. ಬ್ರಷ್ ಆಡಿಸಿದ್ರಾ?"

"ಯಾವ ಬ್ರಷ್?" ಎಂದ ಆತ, ಅಕ್ಕನ ಹಿಂದೆಯೇ ಬಾಗಿಲಿಗೆ ಬಂದು.

"ಅಯ್ಯೋ, ನಿಮಗೆ ಗೊತ್ತಿಲ್ವಾ? ನೀವು ಕೆಲಸಕ್ಕೆ ಹೊರಟ ಮೇಲೆ ದಿನಾ ಅದೇ ಅಲ್ವಾ ಅವರ ಪೂಜೆ. ಚೀಲ ಬಿಚ್ಚೋದು, ಈ ಗಿಡದ ಹಳದಿ ಪುಡಿ ತೆಗೆದು ಆ ಗಿಡಕ್ಕೆ ಸವರೋದು, ಮತ್ತೆ ಕಟ್ಟೋದು. ಹೂವಿಗೆ ಪೌಡರ್ ಹಾಕ್ತಿದೀರಾ ಅಂತ ನಾನು ರೇಗಿಸ್ತಿದ್ದೆ."

ಆತ ಚೀಲ ಕಂಡಿದ್ದ, ಚೀಲ ಬಿಚ್ಚಿದ್ದನ್ನು ಕಂಡಿರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನಿಗೆ ಅವಳ ಬೆಳಗಿನ ಹೊತ್ತು ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಕೇಳಿರಲಿಲ್ಲ.

"ಇನ್ನೂ ಒಂದು ಹೂವಿದೆ," ಎಂದು ಒಮ್ಮೆಲೇ ಗಿಡದತ್ತ ನುಗ್ಗಿದ. ಎಲೆಗಳಿಗೆಲ್ಲ ಬೂದಿರೋಗ ಹಿಡಿದಿತ್ತು. ಕಾಂಡ ಕೆಳಗಿನಿಂದ ಕಂದಾಗುತ್ತ ಬಂದಿತ್ತು. ಹೊಸ ಮೊಗ್ಗಿಗೆ ಅದರಲ್ಲಿ ಶಕ್ತಿಯಿರಲಿಲ್ಲ. ಒಂದು ಚೀಲದೊಳಗೆ ಮಾತ್ರ, ಮೊನ್ನೆಯಷ್ಟೇ ಅರಳಿದ ಸಣ್ಣ ಹೂವು ಬದುಕಿತ್ತು. ಎಸಳಿನ ಬುಡಬುಡದಲ್ಲಿ ಪುಡಿ ಹಿಡಿಯುವ ಕವಲೊಡೆದ ಎಳೆಗಳು ಇನ್ನೂ ಹಸಿಯಾಗಿದ್ದವು. "ಇದರ ಪುಡಿ ಇದಕ್ಕೇ ಸವರಿದ್ರೆ?"

"ಹಿಡಿಯಲ್ಲ," ಎಂದರು ನರ್ಸಮ್ಮ. "ಅದೇ ಗಿಡದ್ದು ಅದಕ್ಕೇ ಆಗಲ್ಲ, ಬೇರೆ ಗಿಡವೇ ಬೇಕು ಅಂತಿದ್ರು. ಅದಕ್ಕೇ ಅವರು ಒಂದು ಮಡಿ ತುಂಬ ಹಾಕ್ತಿದ್ದಿದ್ದು."

ಬೇರೆ ಗಿಡ. ಆತನೇ ನೀರೆರೆದು ಕೊಂದ ಗಿಡಗಳು. ಬೀದಿಯಲ್ಲಿ ಈಗ ಜಿನಿಯಾ ಇದ್ದುದು ಗೋಡೆಯಾಚೆ ಮಾತ್ರ, ಅದೂ ಕೆಂಪು. ಬಡಗಣದಿಂದ ಮೋಡ ಕಪ್ಪಾಗಿ ಇಳಿಯುತ್ತಿತ್ತು. ಗಾಳಿಗೆ ತಣ್ಣನೆ ಮಣ್ಣಿನ ವಾಸನೆ ಬೆರೆತಿತ್ತು. ಮಳೆ ಬಿದ್ದರೆ ಪುಡಿ ತೊಳೆದುಹೋಗುತ್ತದೆ. ನಾಳೆಗೆ ಈ ಹೂವು ಉಳಿಯುವುದು ಅನುಮಾನ.

ಯಾರೂ ಕೇಳದೆಯೇ ನರ್ಸಮ್ಮ ಒಂದು ಕೆಂಪು ಹೂವನ್ನು ಕಿತ್ತು ಗೋಡೆಯ ಮೇಲಿಂದ ನೀಡಿದರು.

"ಬೇಡ," ಎಂದ ಆತ. "ಇದಕ್ಕೆ ಕೆಂಪು ತಾಗಬಾರದು ಅಂತಾನೇ ಅವಳು ಅಷ್ಟೆಲ್ಲ ಮಾಡಿದ್ದು. ನನ್ನ ಕೈಯಾರೆ ಕೆಡಿಸಲಾ?"

"ಕೆಡಿಸದೆ ಏನು ಇಟ್ಕೊಳ್ತೀಯೋ?" ಅಕ್ಕನ ದನಿ ಗಡುಸಾಗಿತ್ತು. "ಮೇಜಿನ ಮೇಲಿದೆಯಲ್ಲ, ಒಂದು ಹಾಳೆ ತುಂಬ, ಶುದ್ಧವಾದದ್ದು. ಅದನ್ನಾ?"

ಮೊದಲ ಹನಿ ಆತನ ಮುಂಗೈ ಮೇಲೆ ಬಿತ್ತು.

ಆತ ಒಳಗೋಡಿದ. ವಸಡಿಗೆ ಬಣ್ಣ ಕೊಡುವ ಅತಿ ಸಣ್ಣ ಕುಂಚವನ್ನು ಅಂಗಿಗೆ ಒರೆಸುತ್ತಲೇ ಹೊರಗೆ ಬಂದ. ಅಕ್ಕ ಕೊಡೆ ಬಿಚ್ಚಿ ಗಿಡದ ಮೇಲೆ ಹಿಡಿದಿದ್ದಳು. ಕೆಂಪು ಹೂವಿನ ನಡುವಿನ ಹಳದಿ ಪುಡಿಯನ್ನು ಕುಂಚಕ್ಕೆ ತಾಗಿಸಿ ಚೀಲ ಬಿಚ್ಚಿದ. ಒಂದೊಂದು ಕವಲೆಳೆಗೂ ಸವರಿದ. ಗಾಳಿ ಕೊಡೆಯನ್ನು ಮಗುಚಿತು. ಅಕ್ಕ ಬೈಯುತ್ತ ಅದನ್ನು ಸೆಣಸಿ ತಿರುಗಿಸಿದಳು. ಆತ ತಲೆಯೆತ್ತಲಿಲ್ಲ.

"ಇನ್ನು ಅವರ ಬಣ್ಣ ಬರುತ್ತಾ?" ನರ್ಸಮ್ಮ ತಲೆಗೆ ಸೆರಗು ಹೊದ್ದು ಗೋಡೆಯ ಬಳಿಯೇ ನಿಂತಿದ್ದರು.

"ಮುಂದಿನ ವರ್ಷ ಬರಲ್ಲ," ಎಂದ ಆತ. "ಬೀಜ ಕಟ್ಟಿದ್ರೆ, ಅದರಲ್ಲಿ ಆರಿಸ್ಬೇಕು. ಅದರ ಮುಂದಿನದರಲ್ಲಿ ಮತ್ತೆ ಆರಿಸ್ಬೇಕು. ಕಟ್ಟುತ್ತೋ ಇಲ್ವೋ, ಅದೇ ಗೊತ್ತಿಲ್ಲ."

ಮಳೆ ಬಿರುಸಾಯಿತು. ಕೊಡೆಯ ಕಡ್ಡಿಯೊಂದು ಮುರಿದು ನೀರು ಒಳಗೆ ಇಳಿಯತೊಡಗಿದಾಗ, ಆತ ಮಂಡಿಯೂರಿ ಗಿಡದ ಮೇಲೆ ಬೆನ್ನು ಬಾಗಿಸಿದ. ಹೂವು ಎದೆಗೆ ತಾಗದಂತೆ, ನೀರು ಹೂವಿಗೆ ತಾಗದಂತೆ, ಎರಡೂ ಅಂಗೈ ಮಣ್ಣಿಗೂರಿ ಹಾಗೆಯೇ ಇದ್ದ.