ಜೆಬಿವೊಟ್ ಊಟ ಮಾಡಲು ಕಲಿತ ವರ್ಷ

ಬೆಟ್ಟದ ಮೇಲಿನ ಇಟೆನ್ ಊರಿನ ಓಟಗಾರರ ಶಿಬಿರವೊಂದರಲ್ಲಿ ಟಪ್ಕಿಗೆನ್ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಅವಳು ಸ್ವತಃ ಬಸ್ಸು ಹಿಡಿಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಓಡಿದವಳಲ್ಲ. ಆದರೆ ಹದಿನಾಲ್ಕು ಜನರಲ್ಲಿ ಯಾರು ಚೆನ್ನಾಗಿ ಓಡಿ ಬಂದರು, ಯಾರಿಗೆ ಮೈ ಸರಿಯಿಲ್ಲ, ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ ಎಂಬುದೆಲ್ಲ ಅವರು ಉಣ್ಣುವ ರೀತಿಯಲ್ಲೇ ಅವಳಿಗೆ ತಿಳಿಯುತ್ತಿತ್ತು.

ಶಿಬಿರದ ಮ್ಯಾರಥಾನ್ ಓಟಗಾರ್ತಿ ಜೆಬಿವೊಟ್ ತನ್ನ ಪಾಲಿನ ಉಗಾಲಿಯಲ್ಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಲ್ಲಿ, ಅರ್ಧ ಮುರಿದು ಪಕ್ಕದವರ ತಟ್ಟೆಗೆ ಜಾರಿಸುತ್ತಿದ್ದುದು ಟಪ್ಕಿಗೆನ್ ಕಣ್ಣಿಗೆ ಬಿದ್ದದ್ದು ಮಾರ್ಚ್ ತಿಂಗಳಲ್ಲಿ. ಬೆಳಗ್ಗೆ ಹಾಲಿಲ್ಲದ ಚಹಾ, ಮಧ್ಯಾಹ್ನ ಸೊಪ್ಪು, ರಾತ್ರಿಗೆ ಆ ಅರ್ಧ ಮುದ್ದೆ. ಅಷ್ಟು ತಿಂದು ಅವಳು ವಾರಕ್ಕೆ ನೂರ ಎಂಬತ್ತು ಕಿಲೋಮೀಟರ್ ಓಡುತ್ತಿದ್ದಳು. ಕೋಚ್ ಚೆಲಂಗಾ ಮೊದಲು ಭೂಗೋಳದ ಮೇಷ್ಟರಾಗಿದ್ದವರು. ಶಿಬಿರದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪ್ರತಿ ಸೋಮವಾರ ಅವರು ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು. ಜೆಬಿವೊಟ್ ಐವತ್ತೊಂದರಿಂದ ನಲವತ್ತಾರು ಕಿಲೋಗೆ ಇಳಿದ ವರ್ಷವೇ ಎರಡು ಗಂಟೆ ಮೂವತ್ತು ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ್ದಳು. ಹಾಗಾಗಿ ತೂಕ ಇಳಿದದ್ದೇ ಒಳ್ಳೆಯದಾಯಿತೆಂದು ಎಲ್ಲರೂ ನಂಬಿದ್ದರು, ಎಲ್ಲರಿಗಿಂತ ಹೆಚ್ಚಾಗಿ ಅವಳೇ.

ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಕೂತಾಗ, ಮುಟ್ಟು ನಿಂತು ಎಂಟು ತಿಂಗಳಾಯಿತೆಂದು ಜೆಬಿವೊಟ್ ಮಾತಿನ ನಡುವೆ ಹೇಳಿದಳು. ಓಟಕ್ಕೆ ಅಡ್ಡಿಯಿಲ್ಲ, ಅನುಕೂಲವೇ ಆಯಿತು ಎಂದೂ ಸೇರಿಸಿದಳು. ಟಪ್ಕಿಗೆನ್ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವಳು; ಅವಳಿಗೆ ಅದು ಅನುಕೂಲವೆನಿಸಲಿಲ್ಲ. ಸಂಜೆ ಮೇಷ್ಟ್ರ ಹತ್ತಿರ ಹೋಗಿ, ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ, ಕೂದಲೂ ಉದುರುತ್ತಿದೆ ಎಂದಳು. ಮುಟ್ಟಿನ ಮಾತು ಎತ್ತಲು ಸಂಕೋಚವಾಗಿ ಬಿಟ್ಟಳು. ಮೇಷ್ಟ್ರು ಸಿಟ್ಟಾಗಲಿಲ್ಲ. ಒಲೆ ನಿಮ್ಮದು, ಓಟ ನನ್ನದು ಎಂದು ನಕ್ಕು ಕಳಿಸಿದರು. ಅವಳು ಮತ್ತೆ ಹೇಳಲು ಹೋಗಲಿಲ್ಲ.

ಐದು ವಾರ ಕಳೆದ ಮೇಲೆ, ಗುರುವಾರದ ಉದ್ದ ಓಟದಲ್ಲಿ, ಮೊಯ್ಬೆನ್ ರಸ್ತೆಯ ಇಪ್ಪತ್ತನಾಲ್ಕನೇ ಕಿಲೋಮೀಟರಿನಲ್ಲಿ ಜೆಬಿವೊಟ್ ಕುಸಿದು ಕೂತಳು. ಬೈಕಿನ ಹಿಂದೆ ಕೂರಿಸಿ ತಂದರು. ಎಡಗಾಲಿನ ಮೂಳೆ ಬಿರುಕು ಬಿಟ್ಟಿತ್ತು. ಎಲ್ಡೊರೆಟ್‌ನ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಬಿದ್ದಿದ್ದೀಯಾ ಎಂದು ಕೇಳಲೇ ಇಲ್ಲವಂತೆ. ಏನು ತಿನ್ನುತ್ತೀಯ, ಮುಟ್ಟು ಯಾವಾಗ ಆಯಿತು, ತೂಕ ಇಳಿಸು ಎಂದವರು ಯಾರು ಎಂದು ಮೂರೇ ಪ್ರಶ್ನೆ ಕೇಳಿದರಂತೆ. ಹೊಟ್ಟೆಗೆ ಸಾಲದೆ ಮುಟ್ಟು ನಿಂತರೆ ಮೂಳೆಯೂ ಸೊರಗುತ್ತದೆ ಎಂದರಂತೆ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು.

ಮರುದಿನ ಅವರು ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

“ನೀವು ಆವತ್ತೇ ಹೇಳಿದ್ರಿ,” ಎಂದರು.

“ಹೇಳಿದ್ದು ಅರ್ಧ ಮೇಷ್ಟ್ರೇ. ಮುಟ್ಟು ನಿಂತಿರೋದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನೀವು ನಕ್ಕಿದ್ದೇ ನೆಪ ಮಾಡ್ಕೊಂಡು ಸುಮ್ಮನಾಗ್ಬಿಟ್ಟೆ.”

ಮೇಷ್ಟ್ರು ಮಣೆಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. “ನಾನು ಓಡ್ತಿದ್ದ ಕಾಲದಲ್ಲಿ ನನ್ನ ಕೋಚ್ ನನ್ನನ್ನೂ ಹೀಗೇ ಓಡಿಸಿದ್ರು. ಬೇರೆ ದಾರಿ ಇದೆ ಅಂತಾನೇ ಹೊಳೀಲಿಲ್ಲ. ಈಗ ಅವಳಿಗೆ ಏನು ಹಾಕ್ಬೇಕು, ಎಷ್ಟು ಹಾಕ್ಬೇಕು, ನೀವೇ ಹೇಳಿ.”

ಹಾಕುವುದು ಸುಲಭವಾಗಿತ್ತು, ತಿನ್ನಿಸುವುದು ಕಷ್ಟವಾಯಿತು. ಓಡದೆ ಉಂಡರೆ ದಪ್ಪಗಾಗುತ್ತೇನೆಂಬ ಭಯ ಜೆಬಿವೊಟ್‌ಗೆ. ಟಪ್ಕಿಗೆನ್ ತನ್ನ ತಟ್ಟೆಯನ್ನೂ ಹಿಡಿದು ಅವಳೆದುರು ಕೂರತೊಡಗಿದಳು.

“ಹೀಗೆ ಕಾವಲು ಕೂತ್ರೆ ಗಂಟಲಲ್ಲಿ ಇಳಿಯಲ್ಲ ಅಕ್ಕ.”

“ನಿನ್ನ ಕಾಯೋಕೆ ಯಾರಿಗೆ ಪುರುಸೊತ್ತಿದೆ? ಬೆಳಗ್ಗೆಯಿಂದ ನಿಂತು ನನಗೂ ಹೊಟ್ಟೆ ಹಸಿದಿದೆ ಕಣೆ.”

ಹತ್ತು ವಾರ ಅವಳು ಓಡಲಿಲ್ಲ. ಹುರುಳಿಕಾಯಿಯ ಬೀಜ, ಮೊಟ್ಟೆ, ಸೋರೆಬುರುಡೆಯಲ್ಲಿ ಹುಳಿ ಬರಿಸಿದ ಮುರ್ಸಿಕ್ ಹಾಲು, ಇಡೀ ಮುದ್ದೆ. ಓಡುವ ಚಡ್ಡಿ ಬಿಗಿಯಾದ ದಿನ ಬಾಗಿಲು ಹಾಕಿಕೊಂಡು ಅತ್ತಳು. ಹುಡುಗರಲ್ಲೊಬ್ಬ, ಜೆಬಿವೊಟ್ ಹಸುವಿನ ಹಾಗೆ ಮೇಯಲು ಹುಲ್ಲುಗಾವಲು ಸೇರಿದ್ದಾಳೆ ಎಂದು ಆಡಿಕೊಂಡ. ಅವತ್ತು ಅವನ ತಟ್ಟೆಗೆ ಸೌಟಿನ ತುದಿಯಷ್ಟೇ ಸಾರು ಬಿತ್ತು, ಮತ್ತೆ ಅವನು ಆ ಮಾತೆತ್ತಲಿಲ್ಲ.

ಕಾಲಿಗೆ ಭಾರ ಹಾಕಬಹುದೆಂದು ಡಾಕ್ಟರಮ್ಮ ಒಪ್ಪಿದ ಮೇಲೆ ಮೇಷ್ಟ್ರು ಕಸರತ್ತು ಶುರು ಮಾಡಿಸಿದರು. ಬೆಂಚು ಹತ್ತಿ ಇಳಿಯುವುದು, ಒಂಟಿಕಾಲಲ್ಲಿ ಕೂತು ಏಳುವುದು, ಅಡುಗೆಮನೆ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ತಿಂಗಳಾದ ಮೇಲೆ ಎರಡೂ ಕೈಗೆ ಮರಳು ತುಂಬಿದ ಕ್ಯಾನು ಬಂತು. ಓಟಗಾರರಿಗೆ ಇದೆಲ್ಲ ಹಮಾಲಿ ಕೆಲಸವೆಂದು ಮೊದಲು ಹೇಳುತ್ತಿದ್ದವರೂ ಅವರೇ.

ಓಟ ಶುರುವಾದಾಗ ಇನ್ನೊಂದು ತಾಪತ್ರಯ. ದಾರಿಯಲ್ಲಿ ಶಕ್ತಿ ಬತ್ತದಿರಲೆಂದು ಪ್ರತಿ ಐದು ಕಿಲೋಮೀಟರಿಗೊಮ್ಮೆ ಮೇಷ್ಟ್ರು ಬೈಕಿನಿಂದ ಬಾಟಲಿ ಕೊಡುವುದು, ಅವಳು ಓಡುತ್ತಲೇ ಕುಡಿಯುವುದು ಎಂದು ನಿಶ್ಚಯವಾಯಿತು. ಟಪ್ಕಿಗೆನ್ ಸಕ್ಕರೆ, ಉಪ್ಪು, ನಿಂಬೆರಸ ಬೆರೆಸಿ ಕಳಿಸಿದಳು. ಮೊದಲ ಗುರುವಾರ ಜೆಬಿವೊಟ್ ಎಲ್ಲವನ್ನೂ ರಸ್ತೆಯಂಚಿಗೆ ಕಕ್ಕಿದಳು. ಎರಡನೆಯ ವಾರವೂ ಅದೇ. ಟಪ್ಕಿಗೆನ್ ಸಕ್ಕರೆ ಅರ್ಧಕ್ಕಿಳಿಸಿ ವಾರ ವಾರ ಒಂದೊಂದು ಚಮಚ ಏರಿಸುತ್ತ ಹೋದಳು. ಕಾಲಿನ ಹಾಗೆ ಹೊಟ್ಟೆಗೂ ಅಭ್ಯಾಸ ಬೇಕಾಗಿತ್ತು. ಎಂಟನೆಯ ವಾರ ಬಾಟಲಿಗಳು ಖಾಲಿಯಾಗಿ ಬಂದವು, ಜೆಬಿವೊಟ್ ಕಕ್ಕದೆ ಬಂದಳು.

ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಅವಳು ಒಲೆಯ ಬಳಿ ಬಂದು, ಮುಟ್ಟಾಗಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ಟಪ್ಕಿಗೆನ್ ಬೆನ್ನು ತಿರುಗಿಸಿ ಚಹಾ ಸೋಸುತ್ತ ನಿಂತಳು, ಕಣ್ಣು ತುಂಬಿದ್ದು ಕಾಣದಿರಲೆಂದು.

ಏಪ್ರಿಲ್‌ನಲ್ಲಿ ಎಲ್ಡೊರೆಟ್‌ನಲ್ಲಿ ಮ್ಯಾರಥಾನ್. ಟಪ್ಕಿಗೆನ್ ಮೊದಲ ಬಾರಿಗೆ ಓಟ ನೋಡಲು ಹೋಗಿ ಮೂವತ್ತೈದನೇ ಕಿಲೋಮೀಟರಿನ ಬಾಟಲಿ ಮೇಜಿನ ಹಿಂದೆ ನಿಂತಳು. ಜೆಬಿವೊಟ್ ಏಳನೆಯವಳಾಗಿ ಬಂದು, ಬಾಟಲಿ ಎತ್ತಿಕೊಂಡು, ಯಾರನ್ನೂ ನೋಡದೆ ಕುಡಿಯುತ್ತ ಹೋದಳು. ಹಿಂದೆಲ್ಲ ಇಲ್ಲಿಂದ ಮುಂದೆ ಅವಳ ಕಾಲು ಸೋಲುತ್ತಿತ್ತಂತೆ. ಈ ಸಲ ಮೂವರನ್ನು ಹಿಂದೆ ಹಾಕಿ ನಾಲ್ಕನೆಯವಳಾಗಿ ಮುಗಿಸಿದಳು. ಎರಡು ಗಂಟೆ ಮೂವತ್ತಮೂರು ನಿಮಿಷ. ಸಣಕಲಾಗಿದ್ದಾಗಿನದಕ್ಕಿಂತ ಮೂರು ನಿಮಿಷ ತಡ.

ಆಮೇಲೆ ಅವಳು, ಮೇಷ್ಟ್ರು, ಟಪ್ಕಿಗೆನ್ ಮೂವರೂ ಸುಟ್ಟ ಮೇಕೆ ಮಾಂಸದ ಹೋಟೆಲಿಗೆ ಹೋದರು. ಮೂರು ನಿಮಿಷ ಕಳಕೊಂಡೆನಲ್ಲ ಎಂದು ಜೆಬಿವೊಟ್ ಕೇಳಿದಳು. ಮೇಷ್ಟ್ರು ಸುಳ್ಳು ಸಮಾಧಾನ ಹೇಳಲಿಲ್ಲ.

“ಕಳಕೊಂಡೆ. ವಾಪಸ್ ಬರ್ತಾವೋ ಇಲ್ವೋ, ನನಗೂ ಗೊತ್ತಿಲ್ಲ. ಮುಂದಿನ ವರ್ಷ ಓಡೋಕೆ ಕಾಲಿದೆಯಲ್ಲ, ಆಗ ನೋಡೋಣ.”

ಅವಳು ಮಾಂಸದ ಇನ್ನೊಂದು ತುಂಡು ಎತ್ತಿಕೊಂಡಳು. ಆಮೇಲೆ ಕೊನೆಯ ಏಳು ಕಿಲೋಮೀಟರಿನ ಕತೆ ಹೇಳತೊಡಗಿದಳು: ಯಾರನ್ನು ಯಾವ ತಿರುವಿನಲ್ಲಿ ಹಿಂದೆ ಹಾಕಿದ್ದು, ಯಾರ ಉಸಿರು ಹೇಗೆ ಕೇಳಿಸಿದ್ದು. ಎಲ್ಲವೂ ಅವಳಿಗೆ ನೆನಪಿತ್ತು. ಅರೆಹೊಟ್ಟೆಯಲ್ಲಿ ಓಡಿದ ಹಿಂದಿನ ಓಟಗಳ ಕೊನೆ ಅವಳಿಗೆ ಎಂದೂ ನೆನಪಿರುತ್ತಿರಲಿಲ್ಲ.