ಒಂದೇ ಮನೆಗೆ ತಡೆಗೋಡೆ

ನೀರು ಮನೆಗೆ ನುಗ್ಗಿತು ಅಂತ ನಮ್ಮ ತಗ್ಗಿನ ಗಲ್ಲಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಸವಕಲ್ಯಾಣದಲ್ಲಿ ಜೋರು ಮಳೆ ಬಿದ್ದರೆ ದಿಬ್ಬದ ನೀರೆಲ್ಲ ನಾಲಾಕ್ಕೆ ಇಳಿಯುತ್ತದೆ, ನಾಲಾ ಉಕ್ಕಿ ನಮ್ಮ ಅಡುಗೆಮನೆಗೆ ಬರುತ್ತದೆ. ಕೊಡ ತೇಲುತ್ತವೆ, ಚಪ್ಪಲಿ ತೇಲುತ್ತವೆ, ಹೇಳಬಾರದ್ದೆಲ್ಲ ತೇಲುತ್ತದೆ. ಮಳೆ ನಿಂತ ಮರುದಿನವೇ, ಗೋಡೆ ಇನ್ನೂ ಹಸಿ ಇರುವಾಗಲೇ, ಪ್ರತಿ ಮನೆಯವರೂ ಸುಣ್ಣದ ಬಕೆಟ್ಟು ಹಿಡಿದು ಕಲೆ ಮುಚ್ಚುತ್ತಾರೆ. ನೀರಿನ ಗುರುತು ಕಂಡ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅಂಥ ಮನೆಯನ್ನು ಯಾರೂ ಕೊಳ್ಳುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಮ್ಮಲ್ಲಿ ಆ ಸಾವಿರದಲ್ಲಿ ಮೊದಲನೆಯದು ಇದೇ.

ನಾನು ಹಜಿರಾ ಬೀ. ನಾವು ಪಿಂಜಾರರು, ಗಾದಿ ತುಂಬುವವರು. ನನ್ನ ಗಂಡ ಪೀರ್ ಪಾಷಾ ಪಾರ್ಶ್ವವಾಯು ಹೊಡೆದು ಮಂಚ ಹಿಡಿದಿದ್ದಾನೆ. ಕಳೆದ ಮಳೆಗಾಲದಲ್ಲಿ ನೀರು ಮಂಚದ ನವಾರು ಮುಟ್ಟಿದಾಗ ನಾನೂ ಮಗ ಜುಬೇರನೂ ಅವನನ್ನು ಹೊತ್ತು ಮಾಳಿಗೆ ಹತ್ತಿಸಿದೆವು. ಬಾಯಿ ತಿರುಗದ ಮನುಷ್ಯ ನನ್ನ ಕುಪ್ಪಸದ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವತ್ತಿನಿಂದ ಮೋಡ ಕಂಡರೆ ನನಗೆ ಅನ್ನ ಇಳಿಯುವುದಿಲ್ಲ.

ನಾಲಾಕ್ಕೆ ತಡೆಗೋಡೆ ಕಟ್ಟಲು ದಿಬ್ಬದವರೂ ತಗ್ಗಿನವರೂ ಸೇರಿ ಒಂದು ಸಮಿತಿ ಮಾಡಿಕೊಂಡಿದ್ದೆವು. ಮನೆ ಎಷ್ಟು ದೊಡ್ಡದೋ ಪಟ್ಟಿ, ಅಂದರೆ ವಂತಿಗೆ, ಅಷ್ಟು, ಇದು ಮೊದಲಿನ ಲೆಕ್ಕ. ಆ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕೊಡಬೇಕಾದವನು ದಿಬ್ಬದ ಮೇಲೆ ಮದುವೆಗಳಿಗೆಂದು ಮಂಗಲ ಕಾರ್ಯಾಲಯ ಕಟ್ಟಿಸಿದ ಜ್ಞಾನೇಶ್ವರ. ಗಾಡಿ ನಿಲ್ಲಿಸಲೆಂದು ಹೊಲದಷ್ಟು ಜಾಗಕ್ಕೆ ಕಾಂಕ್ರೀಟು ಹಾಕಿಸಿದವನೂ ಅವನೇ. ಅಲ್ಲಿ ಬಿದ್ದ ಹನಿ ನೆಲಕ್ಕೆ ಇಂಗದೆ ಸೀದಾ ನಮ್ಮ ಮನೆಗೆ ಬರುತ್ತದೆ. ಈ ವರ್ಷ ಅವನೇ ಸಮಿತಿಯ ಅಧ್ಯಕ್ಷನಾದ. ಆದ ಕೂಡಲೇ ಲೆಕ್ಕ ಬದಲಾಯಿಸಿದ.

"ಗೋಡಿಯಿಂದ ಯಾರಿಗೆ ಲಾಭ ಆಗ್ತದೋ ಅವರು ಕೊಡಬೇಕ್ರಿ. ಯಾರ ಮನಿಗೆ ಜಾಸ್ತಿ ನೀರು ಬರ್ತದೋ ಅವರಿಗೆ ಜಾಸ್ತಿ ಪಟ್ಟಿ. ನಮ್ಮ ಕಾರ್ಯಾಲಯಕ್ಕ ಒಂದು ಹನಿನೂ ಬರಂಗಿಲ್ಲ. ನಾ ಯಾಕ ಕೊಡ್ಲಿ?" ಅಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದು. ಇಲ್ಲಿ ಜ್ವರ ತಂದವನೇ ಬರೆಗೋಲು ಹಿಡಿದು ನಿಂತಿದ್ದ.

ಆಮೇಲೆ ಸಮಿತಿಯವರು ಮನೆಮನೆಗೆ ಬಂದು, ನಿಮಗೆಷ್ಟು ನೀರು ಬರುತ್ತದೆ ಅಂತ ಕೇಳಿದರು. ಪಕ್ಕದ ಮನೆಯ ಸೂರ್ಯಕಾಂತ ಬಾಗಿಲಲ್ಲೇ ನಿಂತು, "ನೀರಾ? ನಮ್ಮ ಮನಿಗಾ? ಯಾರು ಹೇಳಿದ್ರು ನಿಮಗ?" ಅಂತ ನಕ್ಕ. ಮನೆ ಮಾರಲು ಅವನು ಗಿರಾಕಿ ಹುಡುಕಿಟ್ಟಿದ್ದ. ಆಚೆ ಮನೆಯವರಿಗೆ ಮದುವೆಗೆ ಬಂದ ಮಗನಿದ್ದ. ಹೀಗೆ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಾತು. ಪಟ್ಟಿಯೂ ಉಳಿಯಿತು, ಮರ್ಯಾದೆಯೂ ಉಳಿಯಿತು ಅಂತ ಎಲ್ಲರಿಗೂ ಖುಷಿ. ನಾನು ಗಾದಿ ಕೊಡಲು ಹೋಗಿದ್ದೆ. ನಮ್ಮ ಮನೆಯಲ್ಲಿ ಉತ್ತರ ಕೊಟ್ಟವನು ಜುಬೇರ. ಏನು ಹೇಳಿದೆಯೋ ಅಂತ ಕೇಳಿದರೆ, "ಎಲ್ಲಾರು ಹೇಳಿದ್ದೇ ಹೇಳೀನಿ" ಅಂದ. ಅವನಿಗೆ ಹುಮನಾಬಾದಿನ ಮುಸ್ಕಾನ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಹುಡುಗಿ ನನಗೂ ಇಷ್ಟ. ಬೈಯಲು ಬಂದ ಮಾತನ್ನು ನುಂಗಿಕೊಂಡೆ.

ಸಭೆ ಕರೆದದ್ದು ಕಾರ್ಯಾಲಯದಲ್ಲೇ. ಜ್ಞಾನೇಶ್ವರ ಮದುಮಕ್ಕಳ ಸೋಫಾದಲ್ಲಿ ಕೂತು ಹೇಳಿದ: "ತಗ್ಗಿನ ಗಲ್ಲಿಯಾಗ ಒಂದು ಮನಿಗೂ ನೀರು ಬರಂಗಿಲ್ಲ ಅಂತ ಅವರೇ ಹೇಳ್ಯಾರ. ಅಂದಮ್ಯಾಲ ಅಲ್ಲಿ ಗೋಡಿ ಯಾಕ? ಹಿಂದ ಕೂಡಿಸಿದ ರೊಕ್ಕದಾಗ ಕಾರ್ಯಾಲಯದ ಹಿಂದಿನ ದಂಡಿ ಕಟ್ಟಸೋಣ. ಅಲ್ಲಿ ಮಣ್ಣು ಕುಸಿಯಾಕತ್ತದ. ತಕರಾರು ಇದ್ದವರು ಈಗೇ ಹೇಳ್ರಿ."

ಗಲ್ಲಿಯ ಗಂಡಸರು ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವರು ಕಣ್ಣು ಮುಚ್ಚಿ ಕೊಳಚೆ ನೀರು ಕುಡಿಯಲೂ ತಯಾರಿದ್ದರು. ನಾನು ಏಳಬೇಕು ಅನ್ನುವಷ್ಟರಲ್ಲಿ ಬಾಗಿಲ ಹತ್ತಿರ ಮುಸ್ಕಾನಳ ಅಪ್ಪ ಕಂಡರು. ನಿಕಾಹ್‌ಗೆ ಇದೇ ಕಾರ್ಯಾಲಯ ಗೊತ್ತು ಮಾಡಲು ಹುಮನಾಬಾದಿನಿಂದ ಬಂದಿದ್ದರು. ಅವರ ಪಕ್ಕದಲ್ಲಿ ನಿಂತಿದ್ದ ಜುಬೇರ ನನ್ನ ಕಡೆ ನೋಡಿ, ಬೇಡ ಅಂತ ತಲೆಯಾಡಿಸಿದ.

ಪೀರ್ ಪಾಷಾನ ಬೆರಳುಗಳು ನನ್ನ ತೋಳಿನಲ್ಲಿ ಇನ್ನೂ ಇದ್ದಂತೆಯೇ ಇತ್ತು. ಎದ್ದು ನಿಂತೆ.

"ನಮ್ಮ ಮನಿಗೆ ನೀರು ಬರ್ತದ್ರಿ. ಸೊಂಟದತನಕ ಬರ್ತದ. ನನ್ನ ಗಂಡನ ಮಂಚ ಮುಳುಗತದ. ನಮ್ಮದೊಂದೇ ಅಲ್ಲ, ಎಲ್ಲಾರ ಮನಿಗೂ ಬರ್ತದ. ಸೂರ್ಯಕಾಂತಣ್ಣ, ಹ್ವಾದ ವರ್ಷ ನಿಮ್ಮ ಆಡು ನಮ್ಮ ಮಾಳಗಿ ಮ್ಯಾಲ ಯಾಕ ಕಟ್ಟಿದ್ರಿ? ಹೇಳ್ರಿ."

ಸೂರ್ಯಕಾಂತ ಕೆಮ್ಮಿದ. "ಮ್ಯಾಲ ಗಾಳಿ ಚಂದ ಬರ್ತದಂತ ಕಟ್ಟಿದ್ದೆ, ಭಾಭಿ."

ಸಭೆ ನಕ್ಕಿತು. ನಗಬೇಕಾದದ್ದೇ. ಗಾಳಿ ತಿನ್ನಲು ಮಾಳಿಗೆ ಹತ್ತಿದ ಆಡನ್ನು ಯಾರು ಕಂಡಿದ್ದಾರೆ? ಆದರೆ ಅವರು ನಕ್ಕದ್ದು ನನ್ನನ್ನು ನೋಡಿ. ಕಳೆದ ಮಳೆಯಲ್ಲಿ ನಮ್ಮ ಮೆಟ್ಟಿಲು ಹತ್ತಿ, ನಮ್ಮ ಚಹಾ ಕುಡಿದು, ನಮ್ಮ ಗಾದಿಯ ಮೇಲೆ ಮಕ್ಕಳನ್ನು ಮಲಗಿಸಿದ ಜನ. ಥೂ.

ಜ್ಞಾನೇಶ್ವರನಿಗೆ ಇದರಿಂದ ಅನುಕೂಲವೇ ಆಯಿತು. "ಆಯ್ತು ಬೂಬೂ. ಒಂದು ಮನಿಗೆ ನೀರು ಬರ್ತದಂತ ಬರಕೋತೀವಿ. ಆ ಮನಿ ಮುಂದ ಗೋಡಿ ಕಟ್ಟಸೋಣ. ಸಮಿತಿ ಯಾರಿಗೂ ಅನ್ಯಾಯ ಮಾಡಂಗಿಲ್ಲ." ತಿರುಗಿ ನೋಡಿದರೆ ಮುಸ್ಕಾನಳ ಅಪ್ಪ ಬಾಗಿಲಲ್ಲಿರಲಿಲ್ಲ. ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ ಅಂತ ಸಂಜೆ ಹೇಳಿ ಕಳಿಸಿದರು. ಜುಬೇರ ನನ್ನ ಜೊತೆ ಮಾತು ಬಿಟ್ಟ.

ಗೋಡೆ ಬಂತು. ನಮ್ಮ ಮನೆಯ ಈ ಮೂಲೆಯಿಂದ ಆ ಮೂಲೆಗೆ, ಅಷ್ಟೇ. ಬಾಗಿಲ ಮುಂದೆ ಎರಡು ಮೆಟ್ಟಿಲು ಏರಿ ಎರಡು ಮೆಟ್ಟಿಲು ಇಳಿಯಬೇಕು. ಅದರ ಎರಡೂ ತುದಿ ತೆರೆದೇ ಇತ್ತು. ಅದನ್ನು ಕಟ್ಟಿದ ಮೇಸ್ತ್ರಿಗೇ ನಗು ತಡೆಯಲಾಗಲಿಲ್ಲ. ಹಿಂದೆಯೇ ಹೊಸ ಪಟ್ಟಿ ಬಂತು. ನೀರು ಬರುವ ಮನೆ ಅಂತ ಒಂದು ಸಲ ಏರಿಸಿದ್ದರು, ಗೋಡೆ ಇರುವ ಮನೆಯ ಬೆಲೆ ಹೆಚ್ಚಾಯಿತು ಅಂತ ಇನ್ನೊಂದು ಸಲ.

ಶ್ರಾವಣದ ಒಂದು ಮಧ್ಯಾಹ್ನ ಮಳೆ ಹೊಡೆಯಿತು. ನಾಲಾದ ನೀರು ಗೋಡೆಗೆ ಬಡಿದು, ಎರಡೂ ತುದಿಯಿಂದ ಸುತ್ತಿಕೊಂಡು ಸೂರ್ಯಕಾಂತನ ಅಂಗಳದಿಂದ ನಮ್ಮ ಮನೆಗೆ ಬಂತು. ನಾವು ಪೀರ್ ಪಾಷಾನನ್ನು ಮಾಳಿಗೆ ಹತ್ತಿಸಿದೆವು. ಸೂರ್ಯಕಾಂತನೂ ಹೆಂಡತಿ, ಆಡು ಸಮೇತ ಬಂದ. ಬೇಡ ಅನ್ನಲು ನನ್ನಿಂದ ಆಗಲಿಲ್ಲ. ಮಳೆ ನಿಂತ ಮೇಲೆ ಎಲ್ಲರ ಮನೆಯ ನೀರೂ ಇಳಿದು ಹೋಯಿತು. ನಮ್ಮದು ಮಾತ್ರ ಹೋಗಲಿಲ್ಲ. ಹೊರಗೆ ಹರಿಯಬೇಕಾದ ನೀರಿಗೆ ನಮ್ಮ ಗೋಡೆಯೇ ಅಡ್ಡ ನಿಂತಿತ್ತು. ಸೂರ್ಯಕಾಂತ ಕೆಳಗಿಳಿದವನೇ ಸುಣ್ಣ ಕಲಸಲು ಕೂತ.

ಮೊಣಕಾಲುದ್ದದ ನೀರಿನಲ್ಲಿ ನಿಂತು ಜುಬೇರ ಹಾರೆಯಿಂದ ಗೋಡೆ ಒಡೆಯತೊಡಗಿದ. ಆಗ ಅವನಿಗೆ ಫೋನು ಬಂತು. ಹುಮನಾಬಾದಿನಿಂದ, ಮುಸ್ಕಾನಳ ಅಪ್ಪ. ಅವನು ಹಾರೆ ಕೆಳಗಿಡದೆ, ಒಳ್ಳೆ ಮೆತ್ತಗೆ ಮಾತಾಡಿದ:

"ಇಲ್ಲ ಮಾಮೂ, ಒಂದು ಹನಿನೂ ಬಂದಿಲ್ಲ. ಗೋಡಿ ಮಸ್ತ್ ಆಗ್ಯದ. ಅವತ್ತು ಅಮ್ಮಾ ಹೇಳಿದ್ದು ಮನಸಿಗೆ ಹಚ್ಕೋಬ್ಯಾಡ್ರಿ. ಅಬ್ಬಾ ಮಲಗಿದಾಗಿಂದ ಆಕಿ ತಲಿ ಸರಿ ಇಲ್ಲ. ಏನೇನೋ ಅಂತಾಳ."

ನಾನು ಅವನಿಂದ ಒಂದು ಮಾರು ದೂರದಲ್ಲಿದ್ದೆ. ಕೇಳಿಸುತ್ತದೆ ಅಂತ ಅವನಿಗೆ ಗೊತ್ತಿತ್ತು. ಜ್ಞಾನೇಶ್ವರನ ಮೇಲೆ ಬಂದದ್ದು ಸಿಟ್ಟು, ಸೂರ್ಯಕಾಂತನ ಮೇಲೆ ಬಂದದ್ದು ತಿರಸ್ಕಾರ. ಹೇಸಿಗೆ ಅಂದರೇನು ಅಂತ ನನಗೆ ತಿಳಿದದ್ದು ಆಗ, ನಾನೇ ಹೆತ್ತವನ ಮುಖ ನೋಡಿದಾಗ.

ಹೋಗಿ ಅವನ ಕೈಯಿಂದ ಫೋನು ಕಿತ್ತುಕೊಂಡೆ.

"ನಾ ಹಜಿರಾ ಬೀ ಮಾತಾಡಾಕತ್ತೇನಿ. ತಲಿ ನೆಟ್ಟಗದ. ನಿಮ್ಮ ಅಳಿಯ ಆಗೋನು ಮೊಣಕಾಲತನಕ ನೀರಾಗ ನಿಂತು ನಿಮ್ಮ ಜೋಡಿ ಮಾತಾಡ್ಯಾನ. ಮುಸ್ಕಾನ ನನಗ ಭಾಳ ಸೇರತಾಳ. ಅದಕ್ಕ ಹೇಳಾಕತ್ತೇನಿ, ಆಕಿನ್ನ ಈ ಮನಿಗೆ ಕೊಡಬ್ಯಾಡ್ರಿ."

ಆ ಕಡೆಯಿಂದ ಅವರು ಏನೋ ಕೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಜುಬೇರ ಹಾರೆಯನ್ನು ನೀರಿಗೆ ಎಸೆದು ಹೊರಟುಹೋದ. ನಾನು ಫೋನು ಆರಿಸಿ, ಆ ಹಾರೆಯನ್ನು ಎತ್ತಿಕೊಂಡು ಗೋಡೆ ಒಡೆಯಲು ನಿಂತೆ.