ಗೂಬೆಕಲ್ಲಿಗೆ ಮಾವ ಬಂದ ಭಾನುವಾರ

ಗಂಡ ಹೆಂಡಿರ ಜಗಳ ಬಿಡಿಸುವುದರಲ್ಲಿ ಸಾಸ್ವೆಹಳ್ಳಿಯ ಚಿಕ್ಕಹನುಮಂತಪ್ಪನವರಿಗೆ ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರಿತ್ತು. ಅವರು ಭತ್ತ ಬೆಳೆಯುವ ರೈತರು. ಆದರೆ ತಮ್ಮ ಗದ್ದೆಯಲ್ಲಿ ನಿಂತದ್ದಕ್ಕಿಂತ ಬೇರೆಯವರ ಜಗಲಿಯ ಮೇಲೆ ಕೂತದ್ದೇ ಹೆಚ್ಚು ಎಂದು ಹೆಂಡತಿ ಹನುಮಂತಮ್ಮ ಆಡಿಕೊಳ್ಳುತ್ತಿದ್ದರು. ದಪ್ಪ ಮೈ, ದೊಡ್ಡ ದನಿ. ಎರಡೂ ಕಡೆಯ ಮಾತು ಮುಗಿಯುವ ಮೊದಲೇ ಅವರ ಮನಸ್ಸಿನಲ್ಲಿ ತೀರ್ಪು ಸಿದ್ಧವಾಗಿರುತ್ತಿತ್ತು. ಅದು ಸರಿಯಾಗಿಯೂ ಇರುತ್ತಿದ್ದುದರಿಂದ ಜನ ಸಹಿಸಿಕೊಂಡಿದ್ದರು.

ಎಂಬತ್ತೊಂದನೆಯ ಇಸವಿ, ಸಂಕ್ರಾಂತಿ ಆಗಿ ಹೋಗಿತ್ತು. ಒಂದು ಭಾನುವಾರ ಅವರು ಹೊಳೆಯ ಮೀನು ಕಟ್ಟಿಸಿಕೊಂಡು ಹೊನ್ನಾಳಿಗೆ, ಮಗಳ ಮನೆಗೆ ಬಂದರು. ಮಗಳು ಉಡಚಮ್ಮನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಳಿಯ ಜಯಪ್ಪ ಹೊನ್ನಾಳಿಯ ಪೋಸ್ಟಾಫೀಸಿನಲ್ಲಿ ಗುಮಾಸ್ತ. ಸಣ್ಣಗೆ, ಕನ್ನಡಕ ಹಾಕಿದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗ.

“ಅಳಿಯಂದ್ರು ಎಲ್ಲಿ?” ಎಂದರು ಚಿಕ್ಕಹನುಮಂತಪ್ಪ.

“ಜಗಳೂರಿಗೆ ಹೋಗ್ಯಾರಪ್ಪ. ಬಂಡೆ ಹತ್ತಾಕೆ.”

“ಬಂಡೆ ಮ್ಯಾಲೆ ಏನೈತೆ? ಗುಡಿ ಐತಾ?”

“ಇಲ್ಲ.”

“ಜೇನು?”

“ಅದೂ ಇಲ್ಲ.”

“ಮತ್ತೆ ಹತ್ತಿ ಏನ್ ಮಾಡ್ತಾರೆ?”

ಉಡಚಮ್ಮ ಮೀನಿನ ಗಂಟು ಬಿಚ್ಚುತ್ತಾ ಒಂದು ಕ್ಷಣ ಯೋಚಿಸಿದಳು. “ಇಳೀತಾರೆ,” ಎಂದಳು.

ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿನಲ್ಲಿ ಕಲಿತದ್ದಂತೆ, ಜಗಳೂರಿನಲ್ಲಿ ಜೊತೆಗಾರರಿದ್ದಾರಂತೆ, ಪುರಸೊತ್ತಾದ ಭಾನುವಾರಗಳಲ್ಲಿ ಚೀಲದಲ್ಲಿ ಹಗ್ಗ ತುಂಬಿಕೊಂಡು ಮೊದಲ ಬಸ್ಸಿಗೇ ಹೋಗುತ್ತಾನಂತೆ.

“ಬರಾವಾಗ ಹೆಂಗೆ ಬರ್ತಾರೆ?”

“ಕೈಯೆಲ್ಲಾ ತರಚಿರ್ತೈತೆ. ಆದ್ರೆ ಬಾಳ ಖುಷಿಯಾಗಿರ್ತಾರೆ.”

ಈ ಖುಷಿ ಎಂಬ ಮಾತೇ ಚಿಕ್ಕಹನುಮಂತಪ್ಪನವರಿಗೆ ಸರಿ ಕಾಣಲಿಲ್ಲ. ರಜೆ ಬಂದರೆ ಪರಊರಿಗೆ ಹೋಗಿ ಖುಷಿಯಾಗಿ ವಾಪಸಾಗುವ ಗಂಡಸರನ್ನು ಅವರು ಪಂಚಾಯ್ತಿಗಳಲ್ಲಿ ಬೇಕಾದಷ್ಟು ಕಂಡಿದ್ದರು. ಅಂಥವರಿಗೆಲ್ಲ ಆ ಊರಿನಲ್ಲಿ ಇನ್ನೊಂದು ಮನೆ ಇರುತ್ತಿತ್ತು.

ಊರಿಗೆ ಮರಳಿ ಹೆಂಡತಿಗೆ ಹೇಳಿದರೆ ಆಕೆ ನಕ್ಕರು. “ಮಗಳು ಹೇಳಿದ್ದೇ ನಿಜ ಇದ್ರೆ?”

“ನಿಜ ಇದ್ರೆ ಅವ್ರಿಗೆ ಹುಚ್ಚು ಐತೆ ಅಂತ ಅರ್ಥ. ಎರಡ್ರಾಗೆ ಯಾವ್ದು ಅಂತ ನೋಡ್ಕಂಡು ಬರ್ತೀನಿ.”

ಮುಂದಿನ ಭಾನುವಾರ ಅವರು ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟರು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಬೇಕು. ಜಗಳೂರಿನ ಕಡೆ ಹೋಗುತ್ತಾ ಹೋಗುತ್ತಾ ಹೊರಗಿನ ಹಸಿರು ತೆಳುವಾಯಿತು. ಶೇಂಗಾ ಕಿತ್ತ ಕೆಂಪು ಹೊಲಗಳು, ಅಲ್ಲಲ್ಲಿ ಕುರಿ ಹಿಂಡು, ದೂರದಲ್ಲಿ ಬೋಳು ಗುಡ್ಡಗಳು. ದಾರಿಯುದ್ದಕ್ಕೂ ಅವರು ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡರು. ಅಳಿಯನಿಗೆ ಏನು ಹೇಳಬೇಕು, ಆ ಹೆಂಗಸಿಗೆ ಏನು ಹೇಳಬೇಕು ಎಂದು ಬೇರೆ ಬೇರೆಯಾಗಿ.

ಜಗಳೂರಿನ ಬಸ್‌ ಸ್ಟ್ಯಾಂಡಿನ ಎದುರಿಗೆ ಯರ್ರಿಸ್ವಾಮಿ ಎಂಬುವನ ಹೋಟೆಲು. ಮಂಡಕ್ಕಿ, ಮಿರ್ಚಿ ತಿಂದು ಚಹಾ ಹೇಳಿ, ಏನೂ ಗೊತ್ತಿಲ್ಲದವರಂತೆ ಮಾತು ತೆಗೆದರು.

“ಹೊನ್ನಾಳಿಯಿಂದ ಒಬ್ರು ಬರ್ತಾರಂತಲ್ಲ. ಸಣ್ಣಕದಾರೆ, ಕನ್ನಡಕ.”

“ಪೋಸ್ಟಾಫೀಸಿನ ಜಯಪ್ಪಾರಾ? ಈಗಿನ್ನ ಹೋದ್ರಲ್ಲ, ಟೀಚರಮ್ಮನ ಜತಿಗೆ.”

ಚಿಕ್ಕಹನುಮಂತಪ್ಪ ಲೋಟ ಕೆಳಗಿಟ್ಟರು. “ಯಾವ ಟೀಚರಮ್ಮ?”

“ಶಾಂತಾದೇವಿ ಅಂತ. ಹೈಸ್ಕೂಲಿನಾಗೆ ಡ್ರಿಲ್ ಹೇಳ್ಕೊಡ್ತಾರೆ. ಗೂಬೆಕಲ್ಲಿನ ಕಡೆ ಹೋದ್ರು. ಅವರ ಯಜಮಾನ್ರೂ...”

ಆ ಮಾತಿನ ಉಳಿದರ್ಧವನ್ನು ಕೇಳಲು ಚಿಕ್ಕಹನುಮಂತಪ್ಪ ಅಲ್ಲಿರಲಿಲ್ಲ. ಚಿಲ್ಲರೆಯನ್ನು ಮೇಜಿನ ಮೇಲಿಟ್ಟು ಆಗಲೇ ಬಿಸಿಲಿಗಿಳಿದಿದ್ದರು.

ಗೂಬೆಕಲ್ಲು ಊರಾಚೆ, ಹೊಲಗಳ ನಡುವೆ ಒಂಟಿಯಾಗಿ ಎದ್ದು ನಿಂತ ದೊಡ್ಡ ಬಂಡೆ. ಹತ್ತಿರ ಹೋದಂತೆ ಅದರ ನೆತ್ತಿಯ ಮೇಲೆ ಒಬ್ಬ ಹೆಂಗಸು ಕಂಡಳು. ಪ್ಯಾಂಟು, ಷರಟು, ಬಿಗಿಯಾಗಿ ಕಟ್ಟಿದ ಜಡೆ. ಬಂಡೆಗೆ ಕಾಲು ಕೊಟ್ಟು ಕೂತು, ಬೆನ್ನ ಹಿಂದಿನಿಂದ ಸುತ್ತಿ ಬಂದ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತಿದ್ದಳು. ಆ ಹಗ್ಗದ ಇನ್ನೊಂದು ತುದಿಯಲ್ಲಿ, ಬೋಳು ಬಂಡೆಯ ಮೇಲೆ, ಹಲ್ಲಿಯ ಹಾಗೆ ಅವರ ಅಳಿಯ.

“ಅಳಿಯಂದ್ರೇ!” ಎಂದು ಕೂಗಿದರು. ಪಂಚಾಯ್ತಿಯಲ್ಲಿ ಎಂಥವರನ್ನೂ ಸುಮ್ಮನಾಗಿಸುವ ಆ ದನಿ ಗಾಳಿಯಲ್ಲಿ ಹಾರಿಹೋಯಿತು. ಜಯಪ್ಪ ತಿರುಗಲಿಲ್ಲ. ಕೊನೆಯ ಹೆಜ್ಜೆ ಎತ್ತಿಟ್ಟು ನೆತ್ತಿಯ ಆಚೆ ಮರೆಯಾದ. ಹೆಂಗಸೂ ಎದ್ದು ಮರೆಯಾದಳು.

ಕೆಳಗೆ ಕಾಯುವುದು ಚಿಕ್ಕಹನುಮಂತಪ್ಪನವರ ಸ್ವಭಾವವಲ್ಲ. ಬಂಡೆಯ ಎಡಮಗ್ಗುಲಲ್ಲಿ ಮೇಲಿನವರೆಗೂ ಹೋದಂತೆ ಕಾಣುವ ದೊಡ್ಡ ಸೀಳೊಂದಿತ್ತು. ಒಳಗೆ ಮೆಟ್ಟಿಲಿನ ಹಾಗೆ ಕಲ್ಲುಗಳು ಸಿಕ್ಕಿಕೊಂಡಿದ್ದವು. ಚಪ್ಪಲಿ ಬಿಟ್ಟು, ಪಂಚೆಯನ್ನು ಕಚ್ಚೆ ಕಟ್ಟಿ ಹತ್ತತೊಡಗಿದರು. ಹತ್ತುವುದು ಸಲೀಸಾಗಿತ್ತು. ‘ಇದಕ್ಕೆ ಹಗ್ಗ ಬೇರೆ ಕೇಡು’ ಎಂದುಕೊಂಡು ನಡುವೆ ಒಮ್ಮೆ ನಕ್ಕೂಬಿಟ್ಟರು. ಇನ್ನೇನು ಮುಗಿಯಿತು ಎನ್ನುವಾಗ ಸೀಳು ಕಿರಿದಾಗುತ್ತಾ ಬಂದು ಮುಚ್ಚಿಹೋಯಿತು. ಕಾಲಿಡಲು ಸಣ್ಣ ಅಂಚೊಂದು ಮಾತ್ರ ಉಳಿದಿತ್ತು. ಮೇಲೆ ಎರಡಾಳೆತ್ತರದ ನುಣುಪು ಕಲ್ಲು.

ಸರಿ, ಇಳಿಯೋಣ ಎಂದು ಕೆಳಗೆ ನೋಡಿದರು. ಹತ್ತುವಾಗ ಕಣ್ಣೆದುರಿಗೇ ಇದ್ದ ಹಿಡಿಗಳು ಈಗ ಪಾದಗಳ ಕೆಳಗೆಲ್ಲೋ ಅಡಗಿದ್ದವು. ಪಾದಗಳನ್ನೇ ನೋಡೋಣವೆಂದರೆ ಹೊಟ್ಟೆ ಅಡ್ಡ. ಅದರಾಚೆ ಕಂಡದ್ದು ಬಹಳ ಕೆಳಗಿನ ನೆಲ, ಅದರ ಮೇಲೆ ಬಿಟ್ಟುಬಂದ ಚಪ್ಪಲಿ. ಅವರು ಕಣ್ಣು ಮುಚ್ಚಿ ಬಂಡೆಯನ್ನು ತಬ್ಬಿಕೊಂಡರು. ಮೊಣಕಾಲುಗಳು ತಮ್ಮಷ್ಟಕ್ಕೆ ತಾವೇ ನಡುಗಲಾರಂಭಿಸಿದವು.

“ಅಳಿಯಂದ್ರೇ...” ಎಂದು ಮತ್ತೆ ಕರೆದರು. ಈ ಸಲದ ದನಿಯೇ ಬೇರೆ.

ಮೇಲಿನಿಂದ ಜಯಪ್ಪನ ಮುಖ ಇಣುಕಿತು. “ಮಾವಾ! ನೀವು ಇಲ್ಲಿ?”

“ಹಿಂಗೇ ಬಂದಿದ್ದೆ.”

“ಅಲ್ಲಾಡಬ್ಯಾಡ್ರಿ! ಅಲ್ಲೇ ಇರ್ರಿ, ಬಂದ್ವಿ!”

ಸ್ವಲ್ಪ ಹೊತ್ತಿಗೆ ಹಗ್ಗವೊಂದು ಕೆಳಗಿಳಿಯಿತು. ಅದರ ಹಿಂದೆಯೇ ಆ ಹೆಂಗಸು, ಹಗ್ಗವನ್ನು ತೊಡೆಯ ಕೆಳಗಿಂದ ತಂದು ಎದೆ, ಭುಜದ ಮೇಲೆ ಹಾಯಿಸಿಕೊಂಡು, ಬಂಡೆಯ ಮೇಲೆ ಹಿಂದು ಹಿಂದಕ್ಕೆ ನಡೆಯುತ್ತಾ ಬಂದಳು. ಅಂಗಳದಲ್ಲಿ ಅಡ್ಡಾಡುವಷ್ಟು ನಿರಾಳವಾಗಿ ಬಂದು ಪಕ್ಕದಲ್ಲಿ ನಿಂತಳು.

“ನಮಸ್ಕಾರ ರೀ. ನಾನು ಶಾಂತಾದೇವಿ.”

ಬಸ್ಸಿನಲ್ಲಿ ಈಕೆಗೆಂದೇ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. “ನಮಸ್ಕಾರ ತಾಯಿ,” ಎಂದರು ಚಿಕ್ಕಹನುಮಂತಪ್ಪ. “ಬಿಟ್ಟು ಹೋಗಬ್ಯಾಡ.”

“ಬಿಡಲ್ಲ ರೀ.” ಆಕೆ ಜೊತೆಗೆ ತಂದಿದ್ದ ಇನ್ನೊಂದು ಹಗ್ಗವನ್ನು ಅವರ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. “ಈ ಗಂಟು ಎಷ್ಟು ಜಗ್ಗಿದ್ರೂ ಜಾರಲ್ಲ, ಹೊಟ್ಟೇನೂ ಬಿಗಿಯಲ್ಲ. ಮ್ಯಾಲೆ ಹಗ್ಗಾನ ಬಂಡೆಗೆ ಸುತ್ತಿ ಹಿಡ್ಕಂಡಾರೆ.”

“ಯಾರು?”

“ನಿಮ್ಮ ಅಳಿಯ, ಮತ್ತೆ ನಮ್ಮ ಯಜಮಾನ್ರು.”

“ನಿಮ್ಮ ಯಜಮಾನ್ರೂ ಅದಾರಾ?”

“ಅದಾರಲ್ಲ! ನಾಗೇಂದ್ರಪ್ಪ ಅಂತ.”

“ನಮಸ್ಕಾರ ರೀ!” ಎಂದು ಮೇಲಿನಿಂದ ದಪ್ಪ ಗಂಡುದನಿಯೊಂದು ಕೇಳಿಸಿತು.

ಚಿಕ್ಕಹನುಮಂತಪ್ಪನವರಿಗೆ ಆ ಅಂಗೈಯಗಲದ ಅಂಚಿನ ಮೇಲೆಯೇ ಮೈ ಹಗುರಾಯಿತು. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದುದು ಇಳಿದುಹೋಯಿತು. ಈಗ ಉಳಿದದ್ದು ಸಾಯದೆ ಇರುವುದೊಂದೇ.

“ಇಳೀತೀರೋ, ಹತ್ತುತೀರೋ?” ಎಂದು ಶಾಂತಾದೇವಿ ಕೇಳಿದಳು. “ಎರಡೂ ಆಗ್ತೈತೆ. ಮ್ಯಾಲೆ ಹತ್ರ.”

“ಹತ್ತುತೀನಿ. ಕೆಳಗೆ ನೋಡಾಕಾಗಲ್ಲ.”

“ಹಂಗಾದ್ರೆ ಮೊದ್ಲು ಬಂಡೆ ತಬ್ಬೋದು ಬಿಡ್ರಿ. ತಬ್ಬಿದ್ರೆ ಕಾಲು ಜಾರ್ತೈತೆ. ಮೈ ಹಿಂದಕ್ಕೆ ತಂದು ನೆಟ್ಟಗೆ ನಿಲ್ರಿ, ಭಾರ ಪಾದದ ಮ್ಯಾಲೆ ಬೀಳ್ಲಿ. ಕೈ ಇರಾದು ಜೋಲಿ ತಪ್ಪದಂಗೆ ಅಷ್ಟೆ, ಮೈ ಎತ್ತೋ ಕೆಲಸ ಕಾಲಿಂದು.”

ನಂಬಲಾಗಲಿಲ್ಲ, ಆದರೂ ಮೈ ಹಿಂದಕ್ಕೆ ತಂದರು. ಆಶ್ಚರ್ಯವೆಂದರೆ ಪಾದಗಳು ನಿಂತವು. ನಡುಕವೂ ಕಡಿಮೆಯಾಯಿತು.

“ಎರಡು ಕೈ, ಎರಡು ಕಾಲು. ಮೂರು ಗಟ್ಟಿ ಇದ್ರೆ ಮಾತ್ರ ನಾಕನೇದು ಎತ್ತಬೇಕು. ಈಗ ಎಡಗಾಲು. ಅಲ್ಲಿ ಒಂದು ಗುಳಿ ಐತೆ ನೋಡ್ರಿ, ಹೆಬ್ಬೆರಳು ಇಡ್ರಿ.”

“ಅದು ಗುಳಿಯಾ? ನೆಲ್ಲಿಕಾಯಿ ನಿಲ್ಲಲ್ಲ ಅದ್ರಾಗೆ!”

“ನೆಲ್ಲಿಕಾಯಿಗೆ ಬೆರಳಿಲ್ಲ ರೀ. ನಿಮಗೈತೆ.”

ಹೆಬ್ಬೆರಳು ಇಟ್ಟರು. ಗದ್ದೆಯ ಕೆಸರಿನಲ್ಲಿ ಬದು ಹಿಡಿದು ಪಳಗಿದ ಬೆರಳು ಕಲ್ಲಿನ ಆ ಗುಳಿಯನ್ನು ಕಚ್ಚಿಕೊಂಡಿತು. ಮೇಲಿನಿಂದ ಹಗ್ಗ ಮೆಲ್ಲಗೆ ಬಿಗಿಯಾಯಿತು. ಬಲಗೈ, ಬಲಗಾಲು. ಒಮ್ಮೆ ಕಾಲು ಜಾರಿ “ಸತ್ತೆ!” ಎಂದರು. ಹಗ್ಗ ಹಿಡಿದುಕೊಂಡಿತು, ಒಂದು ಗೇಣೂ ಕೆಳಗೆ ಹೋಗಲಿಲ್ಲ. “ಸತ್ತಿಲ್ಲ ಮಾವ, ಬರ್ರಿ,” ಎಂದ ಜಯಪ್ಪ ಮೇಲಿನಿಂದ. ಮತ್ತೆ ಎಡಗಾಲು. ಕೊನೆಗೆ ಎರಡು ಜೊತೆ ಕೈಗಳು ಅವರ ತೋಳು ಹಿಡಿದು ಒಳಗೆಳೆದುಕೊಂಡವು. ಚಿಕ್ಕಹನುಮಂತಪ್ಪ ಗೂಬೆಕಲ್ಲಿನ ನೆತ್ತಿಯ ಮೇಲೆ ಮೀನಿನ ಹಾಗೆ ಬಾಯಿ ತೆರೆದು ಮಲಗಿಬಿಟ್ಟರು.

ಉಸಿರು ಮರಳಿದ ಮೇಲೆ ಎದ್ದು ಕೂತರು. ಆ ವೇಳೆಗೆ ಶಾಂತಾದೇವಿಯೂ ಹತ್ತಿ ಬಂದಿದ್ದಳು. ಸುತ್ತಲೂ ನೋಡಿದರು. ಕೆಂಪು ನೆಲ ದಿಗಂತದವರೆಗೂ ಹಾಸಿಕೊಂಡಿತ್ತು. ದಾವಣಗೆರೆಯ ಬಸ್ಸು ಧೂಳೆಬ್ಬಿಸುತ್ತಾ ಇರುವೆಯಷ್ಟಾಗಿ ಹೋಗುತ್ತಿತ್ತು. ಬೆವೆತ ಬೆನ್ನಿಗೆ ಗಾಳಿ ತಂಪಾಗಿ ಬಡಿಯಿತು. ಅವರಿಗೆ ಕಾರಣವಿಲ್ಲದೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ನೋಡುತ್ತಿದ್ದ ಮೂವರೂ ನಕ್ಕರು.

ಅಷ್ಟರಲ್ಲಿ ಬಂಡೆಯ ಹಿಂಬದಿಯಿಂದ ಗಂಟೆಯ ಸದ್ದು ಕೇಳಿಸಿ, ಒಂದರ ಹಿಂದೆ ಒಂದು ಕುರಿಗಳು ನೆತ್ತಿಗೆ ಬಂದವು. ಕೊನೆಯಲ್ಲಿ ಕೋಲು ಹಿಡಿದ ಮುದುಕಿ. ಕುರಿ ಕಾಯುವ ಗಾದ್ರಮ್ಮ.

“ಯಾರಪ್ಪ ಇವ್ರು, ಹೊಸಬ್ರು?”

“ನಮ್ಮ ಮಾವ, ಗಾದ್ರಮ್ಮ,” ಎಂದ ಜಯಪ್ಪ.

ಚಿಕ್ಕಹನುಮಂತಪ್ಪ ಕುರಿಗಳನ್ನು ನೋಡಿದರು, ಅಳಿಯನನ್ನು ನೋಡಿದರು. “ಹಿಂದೆ ದಾರಿ ಐತಾ?”

“ಐತೆ ಮಾವ.”

“ಕುರಿ ಬರಾ ಅಂಥ ದಾರಿ?”

“ಹೂಂ.”

“ಹಿಂದೆ ದಾರಿ ಇಟ್ಕಂಡು ಮುಂದೆ ಹತ್ತುತೀರಾ?”

“ನಾನೂ ಅದನ್ನೇ ಕೇಳ್ತೀನಿ ನೋಡ್ರಿ,” ಎಂದಳು ಗಾದ್ರಮ್ಮ. “ಇಷ್ಟು ವರ್ಷಾತು, ಒಬ್ರೂ ಸರಿಯಾಗಿ ಹೇಳವಲ್ರು.”

ನಾಗೇಂದ್ರಪ್ಪ ಬುತ್ತಿ ಬಿಚ್ಚಿದ. ಆತನೂ ಮೇಷ್ಟ್ರು, ಮೀಸೆಯ ಕೆಳಗೆ ಸದಾ ನಗು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಡಿಗೆಯ ಮೊಸರು. ಗಾದ್ರಮ್ಮನಿಗೂ ಒಂದು ಪಾಲು. ತಿನ್ನುತ್ತಾ ಶಾಂತಾದೇವಿ, ತಾನು ಮದುವೆಗೆ ಮುಂಚೆ ಉತ್ತರಕಾಶಿಗೆ ಹೋಗಿ ಹಿಮದ ಬೆಟ್ಟ ಹತ್ತುವುದನ್ನು ಕಲಿತ ಕತೆ ಹೇಳಿದಳು. ಅಲ್ಲಿ ಗಾಳಿ ತೆಳುವಂತೆ. ಅವಸರ ಮಾಡಿದವರಿಗೆ ತಲೆನೋವು, ವಾಂತಿಯಂತೆ. ಹಗಲು ಎತ್ತರಕ್ಕೆ ಹೋಗಿ, ಸಂಜೆ ಕೆಳಗಿಳಿದು ಮಲಗಿ, ಮೈಯನ್ನು ನಿಧಾನವಾಗಿ ಒಗ್ಗಿಸಿಕೊಳ್ಳಬೇಕಂತೆ.

“ನಿಮ್ಮ ಮನ್ಯಾಗೆ ಹೆಂಗೆ ಬಿಟ್ರು ತಾಯಿ?”

“ಬಿಡ್ಲಿಲ್ಲ. ನಮ್ಮಪ್ಪ ಸ್ಟೇಷನ್ನಿಗೆ ಬಂದು ಅಳ್ತಿದ್ರು. ಅಳ್ತಾನೇ ಟಿಕೆಟ್ ತೆಗೆಸಿಕೊಟ್ರು.”

ಚಿಕ್ಕಹನುಮಂತಪ್ಪ ರೊಟ್ಟಿ ಮುಗಿಸಿ, ಟವೆಲಿನಲ್ಲಿ ಕೈ ಒರೆಸಿ, ಚಕ್ಕಳಮಕ್ಕಳ ಹಾಕಿ ಕೂತರು. ಪಂಚಾಯ್ತಿಗೆ ಕೂರುವ ಭಂಗಿಯೇ ಅದು. “ಈಗ ಹೇಳ್ರಿ ಅಳಿಯಂದ್ರೆ. ಯಾಕೆ ಹತ್ತುತೀರಿ?”

ಜಯಪ್ಪ ಕನ್ನಡಕ ತೆಗೆದು ಒರೆಸಿದ. “ಹೆಂಗೆ ಹೇಳ್ಬೇಕೋ ಗೊತ್ತಿಲ್ಲ ಮಾವ. ವಾರೆಲ್ಲಾ ಕಾಗದಕ್ಕೆ ಸೀಲು ಹೊಡೀತಿರ್ತೀನಿ, ತಲ್ಯಾಗೆ ಬೇರೆ ಏನೇನೋ ಓಡ್ತಿರ್ತೈತೆ. ಇಲ್ಲಿಗೆ ಬಂದ್ರೆ ಮುಂದಿನ ಹಿಡಿ ಯಾವ್ದು ಅನ್ನೋದೊಂದೇ. ಮೇಲೆ ಬಂದು ಕೂತ್ರೆ ಮನ್ಸು ತೊಳೆದಂಗೆ ಆಗಿರ್ತೈತೆ.”

ಚಿಕ್ಕಹನುಮಂತಪ್ಪ ತಮ್ಮ ಪಾದ ನೋಡಿಕೊಂಡರು. ಆ ನುಣುಪು ಕಲ್ಲಿನ ಮೇಲೆ ಅವರಿಗೂ ಎಡಗಾಲಿನ ಹೆಬ್ಬೆರಳು ಬಿಟ್ಟು ಲೋಕದಲ್ಲಿ ಬೇರೇನೂ ಇರಲಿಲ್ಲ.

“ಆದ್ರೂ ಒಂದು ತಪ್ಪೈತೆ,” ಎಂದರು. “ಈ ತಾಯಿ ಗಂಡನ ಜತಿಗೆ ಹತ್ತುತಾಳೆ. ನನ್ನ ಮಗಳು ಮನ್ಯಾಗೆ ಒಬ್ಳೇ ಕೂತಿರ್ತಾಳೆ. ಅವಳನ್ನ ಯಾಕೆ ಕರ್ಕಂಡು ಬರಲ್ಲ?”

ಜಯಪ್ಪ ತಲೆ ತಗ್ಗಿಸಿದ. “ಕರೆದೆ ಮಾವ. ಅವ್ಳಿಗೂ ಆಸೆ ಐತೆ. ಆದ್ರೆ...”

“ಆದ್ರೆ?”

“‘ಅಪ್ಪ ಕೇಳಿದ್ರೆ ಪಂಚಾಯ್ತಿ ಸೇರಿಸ್ತಾರೆ’ ಅಂದ್ಲು.”

ನಾಗೇಂದ್ರಪ್ಪ ಕೆಮ್ಮಿದ. ಗಾದ್ರಮ್ಮ ಕುರಿಗಳ ಕಡೆ ತಿರುಗಿಕೊಂಡಳು. ಚಿಕ್ಕಹನುಮಂತಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಎರಡೂ ಕಡೆಯ ಮಾತು ಕೇಳಿದ ಮೇಲೆ ತಾವೇ ತಪ್ಪಿತಸ್ಥರಾದದ್ದು ಅವರಿಗೆ ಅದೇ ಮೊದಲು. ಆಮೇಲೆ ಎದ್ದು, “ಗಾದ್ರಮ್ಮ, ನಡಿ, ನಿನ್ನ ದಾರಿ ತೋರ್ಸು,” ಎಂದು ಕುರಿಗಳ ಹಿಂದೆ ಇಳಿದುಹೋದರು.

ಸಂಜೆಯ ಬಸ್ಸಿಗೆ ಮಾವ ಅಳಿಯ ಒಟ್ಟಿಗೆ ಹೊನ್ನಾಳಿಗೆ ಬಂದರು. ಇಬ್ಬರ ಕೈಗಳೂ ತರಚಿದ್ದನ್ನು ಕಂಡು ಬಾಗಿಲಲ್ಲೇ ನಿಂತ ಉಡಚಮ್ಮ ಮೊದಲು ಹೆದರಿದಳು. ಆಮೇಲೆ ಇಬ್ಬರ ಮುಖ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

“ನಗಬ್ಯಾಡ,” ಎಂದರು ಅಪ್ಪ. “ಮುಂದಿನ ವಾರ ನೀನೂ ಹೋಗು. ಕಾಲಿಗೆ ರಬ್ಬರ್ ತಳದ ಬೂಟು ಕೊಡಿಸ್ತೀನಿ. ಬರಿಗಾಲಾಗೆ ಹತ್ತಿದ್ರೆ ಬೆರಳು ಕಿತ್ತೋಗ್ತಾವೆ.”

ಮುಂದಿನ ವಾರ ಉಡಚಮ್ಮ ಹೋದಳು. ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಗೂಬೆಕಲ್ಲಿಗೆ ಕೈ ಹಚ್ಚಿದಳು. ಕೆಳಗೆ ನಿಂತಿದ್ದ ಚಿಕ್ಕಹನುಮಂತಪ್ಪ “ಮೂರು ಗಟ್ಟಿ ಇರ್ಲಿ! ತಬ್ಬಬ್ಯಾಡ!” ಎಂದು ಒಂದೇ ಸಮನೆ ಕೂಗುತ್ತಿದ್ದುದರಿಂದ ಮೇಲಿದ್ದ ಶಾಂತಾದೇವಿಯ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅರ್ಧಕ್ಕೆ ಬಂದಾಗ ಉಡಚಮ್ಮ ನಿಂತಳು, ತಿರುಗಿ ಕೆಳಗೆ ನೋಡಿದಳು.

“ಅಪ್ಪಾ, ಸ್ವಲ್ಪ ಸುಮ್ನಿರ್ರಿ. ನನಗೆ ಹಿಡಿ ಕಾಣ್ತಾ ಐತೆ,” ಎಂದು ಹೇಳಿ ಎಡಗಾಲು ಎತ್ತಿಟ್ಟಳು.